ದೂರಸ್ಥಳ ಬ್ಯಾಕಪ್: ನಾಸ್ ಸಾಧನಗಳ ನಡುವಿನ ನಕಲಿನಲ್ಲಿ ದೋಷಪತ್ತೆ

ನೆಟ್‌ವರ್ಕ್ ಸ್ಟೋರೇಜ್ ಸಾಧನ, ಅಂದರೆ ನಾಸ್‌ನಲ್ಲಿರುವ ಫೈಲುಗಳನ್ನು ಇಂಟರ್ನೆಟ್ ಮೂಲಕ ಬೇರೊಂದು ಜಾಗದ ನಾಸ್‌ಗೆ ನಿಗದಿತ ಹೊತ್ತಿಗೆ ತಾನಾಗಿ ನಕಲಿಸುವ ಏರ್ಪಾಡಿಗೆ ದೂರಸ್ಥಳ ಬ್ಯಾಕಪ್ ಎನ್ನುತ್ತಾರೆ. ಬೆಂಕಿ, ನೆರೆ, ಸಿಡಿಲು, ಕಳ್ಳತನ ಇವು ಒಂದು ಕಟ್ಟಡದಲ್ಲಿರುವ ಎಲ್ಲ ಪ್ರತಿಗಳನ್ನೂ ಒಟ್ಟಿಗೆ ಕೊಂಡೊಯ್ಯಬಲ್ಲವು. ಅದಕ್ಕಾಗಿಯೇ ಒಂದು ಪ್ರತಿ ಬೇರೆ ಊರಿನಲ್ಲಿರಬೇಕು. ಫೋಟೊ ಸ್ಟುಡಿಯೊ, ಲೆಕ್ಕಪರಿಶೋಧಕರ ಕಚೇರಿ, ಮುದ್ರಣಾಲಯ, ಆಸ್ಪತ್ರೆಗಳು ಒಂದು ಶಾಖೆಯ ಪ್ರತಿಯನ್ನು ಇನ್ನೊಂದು ಶಾಖೆಯಲ್ಲಿ ಹೀಗೆ ಇಡುತ್ತವೆ. ಹೊರದೇಶದಲ್ಲಿ ನೆಲೆಸಿದವರು ಊರಿನಲ್ಲಿರುವ ತಂದೆತಾಯಿಯ ಮನೆಯಲ್ಲಿ ಎರಡನೆಯ ನಾಸ್ ಇಡುವುದೂ ಉಂಟು.

ಈ ಏರ್ಪಾಡು ಎರಡು ಬಗೆಯಲ್ಲಿ ಕೆಡುತ್ತದೆ. ಒಂದು, ಕೆಲಸ ನಿಂತು ದೋಷದ ಸಂದೇಶ ಬರುವುದು. ಇನ್ನೊಂದು, ಪರದೆಯ ಮೇಲೆ ಎಲ್ಲ ಸರಿಯಿದೆ ಎಂಬ ಹಸಿರು ಗುರುತು ಕಾಣುತ್ತಿರುವಾಗಲೇ ದೂರದ ಪ್ರತಿ ಹಳತಾಗಿರುವುದು, ಅರೆಬರೆಯಾಗಿರುವುದು ಅಥವಾ ಹಾಳಾಗಿರುವುದು. ಮೊದಲನೆಯದರಿಂದ ಹೋಗುವುದು ಸಮಯ, ಎರಡನೆಯದರಿಂದ ಹೋಗುವುದು ದತ್ತಾಂಶ. ಹಾಗಾಗಿ ದೂರದ ಪ್ರತಿಯಿಂದ ಒಂದು ಫೈಲನ್ನು ವಾಪಸ್ ತಂದು, ತೆರೆದು ನೋಡುವವರೆಗೂ ಈ ವ್ಯವಸ್ಥೆಯ ದೋಷಪತ್ತೆ ಮುಗಿಯುವುದಿಲ್ಲ.

ಹಿನ್ನೆಲೆ ಮತ್ತು ವಿಧಗಳು

ನಾಸ್‌ಗಳ ನಡುವಿನ ನಕಲಿನಲ್ಲಿ ಎರಡು ವಿಧ. ಮೊದಲನೆಯದು ಫೈಲ್ ಆಧಾರಿತ ನಕಲು. ಅದಕ್ಕೆ ಹೆಚ್ಚು ಬಳಕೆಯಲ್ಲಿರುವ ತಂತ್ರಾಂಶ ಆರ್‌ಸಿಂಕ್. ಆಂಡ್ರ್ಯೂ ಟ್ರಿಡ್ಜೆಲ್ ಮತ್ತು ಪಾಲ್ ಮ್ಯಾಕೆರಸ್ ಇದನ್ನು 1996ರಲ್ಲಿ ಹೊರತಂದರು. ಇಬ್ಬರೂ ಆಗ ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ನ್ಯಾಷನಲ್ ಯೂನಿವರ್ಸಿಟಿಯಲ್ಲಿದ್ದರು. ನಿಧಾನಗತಿಯ ಸಂಪರ್ಕದಲ್ಲೂ ದೊಡ್ಡ ಫೈಲನ್ನು ನವೀಕರಿಸುವುದು ಅವರ ಗುರಿಯಾಗಿತ್ತು. ಪಡೆಯುವ ಕಡೆಯ ಯಂತ್ರವು ತನ್ನಲ್ಲಿರುವ ಹಳೆಯ ಫೈಲನ್ನು ತುಂಡುಗಳಾಗಿಸಿ ಪ್ರತಿ ತುಂಡಿಗೂ ಚೆಕ್‌ಸಮ್ ಲೆಕ್ಕ ಹಾಕಿ ಕಳಿಸುತ್ತದೆ. ಕಳಿಸುವ ಕಡೆಯದು ಹೊಸ ಫೈಲಿನ ಉದ್ದಕ್ಕೂ ಒಂದೊಂದೇ ಬೈಟ್ ಸರಿಯುತ್ತಾ ಹೊಂದುವ ತುಂಡುಗಳನ್ನು ಗುರುತಿಸಿ, ಹೊಂದದ ಭಾಗವನ್ನು ಮಾತ್ರ ರವಾನಿಸುತ್ತದೆ.

ಎರಡನೆಯ ವಿಧ ಸ್ನ್ಯಾಪ್‌ಶಾಟ್ ಆಧಾರಿತ, ಅಂದರೆ ಕಡತ ವ್ಯವಸ್ಥೆಯ ಒಂದು ಕ್ಷಣದ ಸ್ಥಿತಿಯನ್ನು ಹಿಡಿದಿಟ್ಟದ್ದನ್ನು ಆಧರಿಸಿದ ನಕಲು. ಸನ್ ಮೈಕ್ರೋಸಿಸ್ಟಮ್ಸ್ 2005ರಲ್ಲಿ ತೆರೆದ ಮೂಲವಾಗಿ ಬಿಡುಗಡೆ ಮಾಡಿದ ಜಡ್‌ಎಫ್‌ಎಸ್ ಮತ್ತು ಲಿನಕ್ಸ್‌ನ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆಗಳಲ್ಲಿ ಇದಕ್ಕೆ ಅವಕಾಶವಿದೆ. ಎರಡು ಸ್ನ್ಯಾಪ್‌ಶಾಟ್‌ಗಳ ನಡುವೆ ಬದಲಾದದ್ದು ಯಾವುದು ಎಂಬುದು ಕಡತ ವ್ಯವಸ್ಥೆಗೇ ಗೊತ್ತಿರುವುದರಿಂದ ಲಕ್ಷಾಂತರ ಫೈಲುಗಳನ್ನು ಒಂದೊಂದಾಗಿ ಹೋಲಿಸಿ ನೋಡಬೇಕಾಗಿಲ್ಲ. ನಾಸ್ ತಯಾರಿಸುವ ಸಿನಾಲಜಿ ಸಂಸ್ಥೆಯ ಸ್ನ್ಯಾಪ್‌ಶಾಟ್ ರೆಪ್ಲಿಕೇಶನ್ ಬಿಟಿಆರ್‌ಎಫ್‌ಎಸ್ ಮೇಲೆ ನಿಂತಿದೆ. ಅದೇ ಸಂಸ್ಥೆಯ ಹೈಪರ್ ಬ್ಯಾಕಪ್ ಮತ್ತು ಇನ್ನೊಂದು ನಾಸ್ ಸಂಸ್ಥೆ ಕ್ಯೂನ್ಯಾಪ್‌ನ ಎಚ್‌ಬಿಎಸ್ ಫೈಲುಗಳನ್ನು ಆಧರಿಸಿದವು.

ಎರಡು ವಿಧಗಳು ಸೋಲುವ ಜಾಗಗಳೂ ಬೇರೆ. ಫೈಲ್ ಆಧಾರಿತ ನಕಲು ಹೆಸರು, ಅನುಮತಿ, ಹೋಲಿಕೆಗೆ ಹಿಡಿಯುವ ಸಮಯ ಇವುಗಳಲ್ಲಿ ಎಡವುತ್ತದೆ. ಸ್ನ್ಯಾಪ್‌ಶಾಟ್ ನಕಲು ಸರಪಳಿಯ ಒಂದು ಕೊಂಡಿ ಕಳಚಿದಾಗ ನಿಲ್ಲುತ್ತದೆ. ತಮ್ಮಲ್ಲಿರುವುದು ಯಾವ ವಿಧ ಎಂಬುದು ಖಚಿತವಾದರೆ ಅರ್ಧ ಹುಡುಕಾಟ ತಪ್ಪುತ್ತದೆ.

ಪರೀಕ್ಷೆಯ ಕ್ರಮ

ಏನನ್ನೂ ಬದಲಿಸುವ ಮೊದಲು ಎರಡೂ ಕಡೆಯ ಲಾಗ್ ಓದಬೇಕು. ಕೊನೆಯ ಸಾಲಿನ ದೋಷ ಸಾಮಾನ್ಯವಾಗಿ ಪರಿಣಾಮ. ಕಾರಣ ಇರುವುದು ಮೊದಲು ಕಾಣಿಸಿಕೊಂಡ ದೋಷದಲ್ಲಿ. ಕಳಿಸುವ ಕಡೆ ‘ಸಂಪರ್ಕ ಕಡಿದುಹೋಯಿತು’ ಎಂದಷ್ಟೇ ಇದ್ದು, ಪಡೆಯುವ ಕಡೆ ‘ಡಿಸ್ಕ್ ತುಂಬಿದೆ’ ಎಂದಿರಬಹುದು. ಕೊನೆಯ ಸಲ ಸರಿಯಾಗಿ ನಡೆದ ದಿನ ಯಾವುದು, ಆಮೇಲೆ ಏನು ಬದಲಾಯಿತು ಎಂಬುದು ಮುಂದಿನ ಪ್ರಶ್ನೆ. ರೂಟರ್ ಬದಲಾವಣೆ, ಫರ್ಮ್‌ವೇರ್ ಅಪ್‌ಡೇಟ್, ಹೊಸ ಪಾಸ್‌ವರ್ಡ್, ಹೊಸ ಇಂಟರ್ನೆಟ್ ಸಂಪರ್ಕ, ಈ ನಾಲ್ಕನ್ನು ಮೊದಲು ವಿಚಾರಿಸಬೇಕು.

ನಂತರ ಕೆಳಗಿನ ಪದರದಿಂದ ಮೇಲಕ್ಕೆ ಬರಬೇಕು: ವಿದ್ಯುತ್, ಕೇಬಲ್, ಐಪಿ ವಿಳಾಸ, ಪೋರ್ಟ್, ಲಾಗಿನ್, ಅನುಮತಿ, ಜಾಗ, ಕೊನೆಗೆ ಫೈಲ್. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮೂರು ಸೆಟ್ಟಿಂಗ್ ಒಟ್ಟಿಗೆ ಬದಲಿಸಿದಾಗ ಕೆಲಸ ಶುರುವಾದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯದು. ಅದೇ ದೋಷ ಮತ್ತೆ ಬಂದಾಗ ಹುಡುಕಾಟ ಮೊದಲಿನಿಂದ ಶುರು.

ಸಂಪರ್ಕವೇ ಸಿಗದಿದ್ದರೆ

ಮನೆ ಮತ್ತು ಸಣ್ಣ ಕಚೇರಿಗಳ ಇಂಟರ್ನೆಟ್‌ಗೆ ಸಿಗುವ ಐಪಿ ವಿಳಾಸ ಬದಲಾಗುತ್ತಿರುತ್ತದೆ. ಹೊಸ ವಿಳಾಸವನ್ನು ಹೆಸರಿಗೆ ಜೋಡಿಸಿಕೊಡುವ ಡಿಡಿಎನ್‌ಎಸ್ ಸೇವೆ ನಿಂತಿದ್ದರೆ ಕಳಿಸುವ ನಾಸ್ ಹಳೆಯ ವಿಳಾಸದ ಬಾಗಿಲನ್ನೇ ತಟ್ಟುತ್ತಿರುತ್ತದೆ. ಹೆಸರು ಯಾವ ವಿಳಾಸವನ್ನು ತೋರಿಸುತ್ತಿದೆ ಎಂಬುದನ್ನು ರೂಟರ್‌ನಲ್ಲಿ ಕಾಣುವ ಹೊರವಿಳಾಸದೊಂದಿಗೆ ತಾಳೆ ನೋಡಿದರೆ ಇದು ಬಯಲಾಗುತ್ತದೆ.

ರೂಟರ್‌ನ ಹೊರವಿಳಾಸ 100.64ರಿಂದ 100.127ರ ವರೆಗಿನ ಅಂಕಿಗಳಿಂದ ಶುರುವಾಗುತ್ತಿದ್ದರೆ ಸಮಸ್ಯೆ ಬೇರೆ. ಐಪಿವಿ4 ವಿಳಾಸಗಳ ಕೊರತೆಯಿಂದಾಗಿ ಅನೇಕ ಗ್ರಾಹಕರಿಗೆ ಒಂದೇ ಸಾರ್ವಜನಿಕ ವಿಳಾಸ ಹಂಚುವ ಕ್ಯಾರಿಯರ್ ಗ್ರೇಡ್ ನ್ಯಾಟ್‌ಗಾಗಿ 2012ರಲ್ಲಿ ಕಾಯ್ದಿರಿಸಿದ ಶ್ರೇಣಿ ಅದು. ಅದರ ಹಿಂದಿರುವ ನಾಸ್ ಹೊರಗೆ ಹೋಗಬಲ್ಲದು, ಹೊರಗಿನಿಂದ ಅದರತ್ತ ಯಾರೂ ಬರಲಾರರು. ಮನೆಯ ರೂಟರ್‌ನಲ್ಲಿ ಎಷ್ಟು ಪೋರ್ಟ್ ಫಾರ್ವರ್ಡ್ ಮಾಡಿದರೂ ಫಲವಿಲ್ಲ. ಭಾರತದಲ್ಲಿ ಮನೆ ಸಂಪರ್ಕಗಳು ಈ ಪರಿಸ್ಥಿತಿಯಲ್ಲಿರುವುದು ಸಾಮಾನ್ಯ. ಇದಕ್ಕೆ ದಾರಿಗಳು ನಾಲ್ಕು: ಸೇವಾದಾತರಿಂದ ಸ್ಥಿರ ಐಪಿ ಪಡೆಯುವುದು, ಎರಡೂ ಕಡೆ ಐಪಿವಿ6 ಬಳಸುವುದು, ಸಾರ್ವಜನಿಕ ವಿಳಾಸವಿರುವ ಕಡೆಗೆ ಇನ್ನೊಂದು ಕಡೆಯಿಂದಲೇ ಕರೆ ಹೋಗುವಂತೆ ದಿಕ್ಕು ಬದಲಿಸುವುದು, ಎರಡೂ ಕಡೆ ನ್ಯಾಟ್ ಇದ್ದರೆ ನಡುವೆ ಬಾಡಿಗೆ ಸರ್ವರ್ ಅಥವಾ ಟೇಲ್‌ಸ್ಕೇಲ್‌ನಂಥ ವಿಪಿಎನ್ ಇಟ್ಟುಕೊಳ್ಳುವುದು.

ವಿಳಾಸ ಸರಿಯಿದ್ದರೆ ಪೋರ್ಟ್ ನೋಡಬೇಕು. ಆರ್‌ಸಿಂಕ್ ಸೇವೆಗೆ 873, ಎಸ್‌ಎಸ್‌ಎಚ್‌ಗೆ 22, ಹೈಪರ್ ಬ್ಯಾಕಪ್ ವಾಲ್ಟ್‌ಗೆ 6281, ಕ್ಯೂನ್ಯಾಪ್‌ನ ಆರ್‌ಟಿಆರ್‌ಆರ್‌ಗೆ 8899 ಮೊದಲೇ ಗೊತ್ತುಮಾಡಿದ ಪೋರ್ಟ್‌ಗಳು. ‘ನಿರಾಕರಿಸಲಾಗಿದೆ’ ಎಂಬ ಉತ್ತರ ತಕ್ಷಣ ಬಂದರೆ ಸಾಮಾನ್ಯವಾಗಿ ಯಂತ್ರದವರೆಗೆ ದಾರಿ ಇದೆ, ಸೇವೆ ಓಡುತ್ತಿಲ್ಲ ಎಂದು ಅರ್ಥ. ಬಹಳ ಹೊತ್ತು ಕಾದು ಉತ್ತರವೇ ಬಾರದಿದ್ದರೆ ನಡುವೆ ಫೈರ್‌ವಾಲ್ ತಡೆಯುತ್ತಿರಬೇಕು. ಈ ಪರೀಕ್ಷೆಯನ್ನು ಅದೇ ಮನೆಯ ವೈಫೈನಿಂದ ಮಾಡಬಾರದು. ಒಳಗಿನಿಂದ ತನ್ನದೇ ಹೊರವಿಳಾಸಕ್ಕೆ ಹೋಗಲು ಎಷ್ಟೋ ರೂಟರ್‌ಗಳು ಬಿಡುವುದಿಲ್ಲ. ಮೊಬೈಲ್ ಡೇಟಾದಿಂದ ನೋಡಿದರೆ ನಿಜಸ್ಥಿತಿ ತಿಳಿಯುತ್ತದೆ.

ವಿಪಿಎನ್ ಜೋಡಿಸಿದ ಮೇಲೂ ನಾಸ್ ಸಿಗದಿದ್ದರೆ ಎರಡು ಮನೆಗಳ ಒಳವಿಳಾಸಗಳನ್ನು ಹೋಲಿಸಬೇಕು. ಎರಡೂ ರೂಟರ್‌ಗಳು ಕಾರ್ಖಾನೆಯಿಂದ ಬಂದಂತೆ 192.168.1 ಶ್ರೇಣಿಯಲ್ಲೇ ಇದ್ದರೆ 192.168.1.10 ಎಂಬ ನಾಸ್ ತನ್ನ ಮನೆಯಲ್ಲೇ ಇದೆ ಎಂದು ಯಂತ್ರ ತಿಳಿಯುತ್ತದೆ, ವಿಪಿಎನ್ ದಾರಿಯನ್ನು ಹಿಡಿಯುವುದೇ ಇಲ್ಲ. ಒಂದು ಕಡೆಯ ಶ್ರೇಣಿಯನ್ನು 192.168.57ರಂತೆ ಬದಲಿಸಿದರೆ ಗೊಂದಲ ನಿವಾರಣೆಯಾಗುತ್ತದೆ.

ನಡುವೆ ಕಡಿದುಹೋಗುತ್ತಿದ್ದರೆ

ಲಾಗಿನ್ ಆಗುತ್ತದೆ, ಫೋಲ್ಡರ್‌ಗಳ ಪಟ್ಟಿ ಬರುತ್ತದೆ, ದೊಡ್ಡ ಫೈಲ್ ಶುರುವಾದ ಕೂಡಲೇ ಎಲ್ಲ ಸ್ತಬ್ಧವಾಗುತ್ತದೆ. ಇದು ಪ್ಯಾಕೆಟ್ ಗಾತ್ರದ ದೋಷದ ಸ್ಪಷ್ಟ ಲಕ್ಷಣ. ಈಥರ್ನೆಟ್‌ನ ಪ್ಯಾಕೆಟ್ ಮಿತಿ, ಅಂದರೆ ಎಂಟಿಯು, 1500 ಬೈಟ್. ಪಿಪಿಪಿಒಇ ಸಂಪರ್ಕದಲ್ಲಿ 8 ಬೈಟ್ ಕಡಿಮೆಯಾಗಿ 1492 ಉಳಿಯುತ್ತದೆ. ವೈರ್‌ಗಾರ್ಡ್ ವಿಪಿಎನ್ ಸಾಮಾನ್ಯವಾಗಿ 1420 ಇಟ್ಟುಕೊಳ್ಳುತ್ತದೆ. ದಾರಿಯಲ್ಲಿ ಹಿಡಿಯದ ಪ್ಯಾಕೆಟ್ ಬಂದಾಗ ‘ಚಿಕ್ಕದು ಮಾಡಿ’ ಎಂಬ ಐಸಿಎಂಪಿ ಸಂದೇಶ ಹಿಂದಿರುಗಬೇಕು. ಅತಿ ಎಚ್ಚರಿಕೆಯ ಫೈರ್‌ವಾಲ್ ಅದನ್ನು ತಡೆದರೆ ಕಳಿಸುವವನಿಗೆ ಸುದ್ದಿಯೇ ತಲುಪುವುದಿಲ್ಲ. ಸಣ್ಣ ಪ್ಯಾಕೆಟ್‌ಗಳು ದಾಟುತ್ತವೆ, ದೊಡ್ಡವು ಕಣ್ಮರೆಯಾಗುತ್ತವೆ. ತುಂಡರಿಸಬಾರದು ಎಂಬ ಗುರುತಿನೊಡನೆ 1472 ಬೈಟ್‌ನ ಪಿಂಗ್ ಕಳಿಸಿದರೆ ಶಿರೋಭಾಗದ 28 ಸೇರಿ ಸರಿಯಾಗಿ 1500 ಆಗುತ್ತದೆ. ಉತ್ತರ ಬರುವವರೆಗೆ ಇಳಿಸುತ್ತಾ ಹೋಗಿ, ಸಿಕ್ಕಿದ ಗಾತ್ರಕ್ಕೆ ತಕ್ಕಂತೆ, ವಿಪಿಎನ್ ತಾನೇ ಸೇರಿಸುವ ಶಿರೋಭಾಗಕ್ಕೂ ಜಾಗ ಬಿಟ್ಟು ವಿಪಿಎನ್‌ನ ಎಂಟಿಯು ಹೊಂದಿಸಬೇಕು. ಪಿಪಿಪಿಒಇ ಮೇಲಿನ ವೈರ್‌ಗಾರ್ಡ್‌ಗೆ 1412 ಸುರಕ್ಷಿತ.

ಪ್ರತಿ ಸಲವೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ ಕಡಿಯುತ್ತಿದ್ದರೆ ತೆರೆದ ಸಂಪರ್ಕಗಳನ್ನು ಗುರುತಿಟ್ಟುಕೊಳ್ಳುವ ರೂಟರ್‌ನ ನ್ಯಾಟ್ ಪಟ್ಟಿಯನ್ನು ಅನುಮಾನಿಸಬೇಕು. ಆರ್‌ಸಿಂಕ್ ಲಕ್ಷಾಂತರ ಫೈಲುಗಳನ್ನು ಹೋಲಿಸುವಾಗ ತಂತಿಯ ಮೇಲೆ ಏನೂ ಹರಿಯದ ನಿಮಿಷಗಳಿರುತ್ತವೆ, ರೂಟರ್ ಆ ಸಂಪರ್ಕ ಸತ್ತಿತೆಂದು ಅಳಿಸಿಬಿಡುತ್ತದೆ. ಎಸ್‌ಎಸ್‌ಎಚ್‌ನಲ್ಲಿ ನಿಮಿಷಕ್ಕೊಮ್ಮೆ ಜೀವಸೂಚನೆ ಕಳಿಸುವ ಆಯ್ಕೆ ಇದಕ್ಕೆ ಮದ್ದು. ಆರ್‌ಸಿಂಕ್‌ನ ನಿರ್ಗಮನ ಸಂಖ್ಯೆಗಳೂ ದಾರಿ ತೋರಿಸುತ್ತವೆ: 12 ಬಂದರೆ ಎರಡು ಯಂತ್ರಗಳ ನಡುವಿನ ಪ್ರವಾಹ ಕೆಟ್ಟಿದೆ, 23 ಬಂದರೆ ಕೆಲವು ಫೈಲುಗಳು ಹೋಗಲಿಲ್ಲ, 24 ಬಂದರೆ ನಕಲಿನ ನಡುವೆ ಮೂಲ ಫೈಲ್ ಮಾಯವಾಯಿತು, 30 ಬಂದರೆ ಕಾಯುವ ಅವಧಿ ಮೀರಿತು.

ವಿದ್ಯುತ್ ಕಡಿತವೂ ಇಲ್ಲೇ ಬರುತ್ತದೆ. ನಾಸ್‌ಗೆ ಮಾತ್ರ ಯುಪಿಎಸ್ ಇದ್ದು ರೂಟರ್ ಮತ್ತು ಫೈಬರ್ ಪೆಟ್ಟಿಗೆಗೆ ಇಲ್ಲದಿದ್ದರೆ ಕರೆಂಟ್ ಹೋದಾಗಲೆಲ್ಲ ನಕಲು ಕಡಿಯುತ್ತದೆ. ಕರೆಂಟ್ ಬಂದ ಮೇಲೆ ತಾನಾಗಿ ಆನ್ ಆಗುವ ಆಯ್ಕೆಯನ್ನು ದೂರದ ನಾಸ್‌ನಲ್ಲಿ ಹಾಕಿಡಲೇಬೇಕು. ಇಲ್ಲವಾದರೆ ಯಾರಾದರೂ ಹೋಗಿ ಗುಂಡಿ ಒತ್ತುವವರೆಗೆ ಬ್ಯಾಕಪ್ ಇಲ್ಲ.

ನಿಧಾನವಾದರೆ

ಮೊದಲು ಸರಳ ಲೆಕ್ಕ ಮಾಡಬೇಕು. ಅಪ್‌ಲೋಡ್ ವೇಗ 20 ಎಂಬಿಪಿಎಸ್ ಇದ್ದಾಗ 4 ಟೆರಾಬೈಟ್ ಹೋಗಲು ಹದಿನೆಂಟೂವರೆ ದಿನ ಬೇಕು. ಇದು ದೋಷವಲ್ಲ, ಇರುವ ಸಂಪರ್ಕದ ಮಿತಿ. ಆದ್ದರಿಂದ ಮೊದಲ ಪೂರ್ಣ ಪ್ರತಿಯನ್ನು ಎರಡು ನಾಸ್‌ಗಳನ್ನೂ ಒಂದೇ ಕೋಣೆಯಲ್ಲಿಟ್ಟು ಮಾಡಿ, ಆಮೇಲೆ ಒಂದನ್ನು ಊರಿಗೆ ಒಯ್ಯುವುದು ರೂಢಿ. ದಿನದಿನದ ಬದಲಾವಣೆ ಮಾತ್ರ ಇಂಟರ್ನೆಟ್‌ನಲ್ಲಿ ಹೋಗುತ್ತದೆ.

ಲೆಕ್ಕಕ್ಕಿಂತ ತೀರಾ ಕಡಿಮೆ ವೇಗ ಬಂದರೆ ಐಪರ್ಫ್ ಎಂಬ ಸಾಧನದಿಂದ ಡಿಸ್ಕ್ ಹೊರತಾಗಿ ಬರೀ ದಾರಿಯ ವೇಗ ಅಳೆಯಬೇಕು. ಒಂದು ಹರಿವಿಗೆ ಸಿಗುವುದಕ್ಕಿಂತ ನಾಲ್ಕು ಹರಿವುಗಳಿಗೆ ನಾಲ್ಕು ಪಟ್ಟು ಸಿಕ್ಕಿದರೆ ಕಾರಣ ದೂರ. ಟಿಸಿಪಿ ಒಂದು ವಿಂಡೊದಷ್ಟು ದತ್ತಾಂಶ ಕಳಿಸಿ, ತಲುಪಿತು ಎಂಬ ಉತ್ತರಕ್ಕಾಗಿ ಕಾಯುತ್ತದೆ. ಹೋಗಿ ಬರಲು 250 ಮಿಲಿಸೆಕೆಂಡ್ ಹಿಡಿಯುವ ಖಂಡಾಂತರ ದಾರಿಯಲ್ಲಿ ವಿಂಡೊ 64 ಕಿಲೊಬೈಟ್ ಮಾತ್ರವಿದ್ದರೆ, ಸಂಪರ್ಕ ಎಷ್ಟೇ ಅಗಲವಿದ್ದರೂ ಸುಮಾರು 2 ಎಂಬಿಪಿಎಸ್ ಮೀರದು. ವಿಂಡೊ ಹಿಗ್ಗಿಸುವ ವಿಧಾನ 1992ರಿಂದಲೇ ಇದೆ. ಆದರೆ ಹಳೆಯ ಸಾಧನದಲ್ಲಿ ಅಥವಾ ನಡುವಿನ ಪೆಟ್ಟಿಗೆಯಲ್ಲಿ ಅದು ಕೆಟ್ಟಿರಬಹುದು. ಅಂಥಲ್ಲಿ ಹಲವು ಹರಿವುಗಳಲ್ಲಿ ಒಟ್ಟಿಗೆ ಕಳಿಸುವುದು ಪರಿಹಾರ. ಎಸ್‌ಎಂಬಿ ಹಂಚಿಕೆಯನ್ನು ದೂರದಿಂದ ಮೌಂಟ್ ಮಾಡಿ ನಕಲಿಸುವುದಂತೂ ಪ್ರತಿ ಸಣ್ಣ ಫೈಲಿಗೂ ಹಲವು ಸುತ್ತು ಪ್ರಶ್ನೋತ್ತರ ಬೇಡುವುದರಿಂದ ಈ ದಾರಿಗೆ ತಕ್ಕದ್ದಲ್ಲ.

ಮನೆಯೊಳಗೇ ವೇಗ ಸೆಕೆಂಡಿಗೆ 11 ಮೆಗಾಬೈಟ್ ಆಸುಪಾಸಿನಲ್ಲಿ ಕಟ್ಟಿಹಾಕಿದಂತೆ ನಿಂತಿದ್ದರೆ ಕೇಬಲ್ ನೋಡಬೇಕು. ಎಂಟು ಎಳೆಗಳಲ್ಲಿ ಒಂದು ತುಂಡಾದರೆ ಗಿಗಾಬಿಟ್ ಸಂಪರ್ಕ ಸದ್ದಿಲ್ಲದೆ 100 ಎಂಬಿಪಿಎಸ್‌ಗೆ ಇಳಿಯಬಹುದು.

ಬದಲಾಗದ ಫೈಲುಗಳೂ ಪ್ರತಿ ರಾತ್ರಿ ಮತ್ತೆ ಹೋಗುತ್ತಿದ್ದರೆ ಅದು ಹೋಲಿಕೆಯ ದೋಷ. ಆರ್‌ಸಿಂಕ್ ಗಾತ್ರ ಮತ್ತು ಮಾರ್ಪಾಡಿನ ಸಮಯ ನೋಡಿ ನಿರ್ಧರಿಸುತ್ತದೆ. ಸಮಯವನ್ನು 2 ಸೆಕೆಂಡಿನ ಅಂತರದಲ್ಲಿ ಮಾತ್ರ ಬರೆಯುವ ಫ್ಯಾಟ್ ಡಿಸ್ಕ್ ನಡುವೆ ಬಂದರೆ ಎಲ್ಲವೂ ಹೊಸದಾಗಿ ಕಾಣುತ್ತದೆ. ಫೋಲ್ಡರ್ ಹೆಸರು ಬದಲಿಸಿದರೆ ಒಳಗಿನದೆಲ್ಲ ಹೊಸದೆಂದೇ ಲೆಕ್ಕ.

ಕನ್ನಡ ಹೆಸರಿನ ಫೈಲುಗಳು

ಕನ್ನಡದಲ್ಲಿ ಹೆಸರಿಟ್ಟ ಫೈಲುಗಳಿಗೆ ಎರಡು ವಿಶೇಷ ತೊಡಕುಗಳಿವೆ. ಮೊದಲನೆಯದು ಉದ್ದ. ಲಿನಕ್ಸ್‌ನ ಬಹುತೇಕ ಕಡತ ವ್ಯವಸ್ಥೆಗಳಲ್ಲಿ ಒಂದು ಹೆಸರಿಗೆ 255 ಬೈಟ್ ಮಿತಿ. ಯುಟಿಎಫ್-8ರಲ್ಲಿ ರೋಮನ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ವ್ಯಂಜನ, ಸ್ವರಚಿಹ್ನೆ, ಹಲಂತ ಚಿಹ್ನೆಗೂ ಮೂರು ಬೈಟ್ ಬೇಕು. ‘ಮೈಸೂರು ದಸರಾ’ ಎಂಬುದಕ್ಕೆ 31 ಬೈಟ್. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ 13. ಸಿನಾಲಜಿಯ ಫೋಲ್ಡರ್ ಗೂಢಲಿಪೀಕರಣಕ್ಕೆ ಆಧಾರವಾದ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಮಿತಿ 143ಕ್ಕೆ ಇಳಿಯುತ್ತದೆ. ಅಂದರೆ ಕನ್ನಡದ 47 ಚಿಹ್ನೆಗಳು. ಮೂಲದಲ್ಲಿ ನೆಮ್ಮದಿಯಾಗಿದ್ದ ‘ಸಮಾರಂಭದ ಉದ್ಘಾಟನೆ ಮತ್ತು ಸನ್ಮಾನ’ದಂಥ ಉದ್ದ ಹೆಸರಿನ ಫೈಲುಗಳಿಗೆ ಇನ್ನೂ ಕೆಲವು ಪದ ಸೇರಿದರೆ ಸಾಕು, ದೂರದ ಗೂಢಲಿಪಿ ಫೋಲ್ಡರ್‌ಗೆ ಅವು ಹೋಗುವುದಿಲ್ಲ. ಉಳಿದವು ಹೋಗಿರುತ್ತವೆ, ಲಾಗ್‌ನಲ್ಲಿ 23 ಎಂಬ ಸಂಖ್ಯೆ ಇರುತ್ತದೆ.

ಎರಡನೆಯದು ಒಂದೇ ಅಕ್ಷರಕ್ಕೆ ಎರಡು ಸಂಕೇತ ರೂಪಗಳಿರುವುದು. ‘ಕೋಲಾರ’ದ ಓಕಾರವನ್ನು ಯುನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಎತ್ವ, ಊಕಾರದ ಕೊಂಬು ಮತ್ತು ದೀರ್ಘ ಎಂದು ಮೂರಾಗಿ ಬಿಡಿಸಿಯೂ ಬರೆಯಬಹುದು. ಆ್ಯಪಲ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿದ ರೂಪವನ್ನೇ ಇಡುತ್ತದೆ. ಲಿನಕ್ಸ್ ನಾಸ್ ಬಂದದ್ದನ್ನು ಬಂದಂತೆ ಇಟ್ಟುಕೊಳ್ಳುತ್ತದೆ. ಕಣ್ಣಿಗೆ ಒಂದೇ ಹೆಸರಾದರೂ ಯಂತ್ರಕ್ಕೆ ಒಂದು 15 ಬೈಟ್, ಇನ್ನೊಂದು 21 ಬೈಟ್. ಹಾಗಾಗಿ ದೂರದ ನಾಸ್‌ನಲ್ಲಿ ಒಂದೇ ಹೆಸರಿನ ಎರಡು ಫೋಲ್ಡರ್ ಕಾಣಿಸಿಕೊಳ್ಳುತ್ತವೆ. ಈ, ಏ, ಐ, ಒ, ಓ ಸ್ವರಚಿಹ್ನೆಗಳಿರುವ ಹೆಸರುಗಳಿಗೆಲ್ಲ ಇದು ಅನ್ವಯ. ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಲ್ಲಿ ಎರಡೂ ಕಡೆಯ ರೂಪಗಳನ್ನು ತಿಳಿಸಿದರೆ ಸರಿಹೋಗುತ್ತದೆ.

ಗಡಿಯಾರ, ಪ್ರಮಾಣಪತ್ರ, ಅನುಮತಿ, ಜಾಗ

ನಾಸ್‌ನ ಒಳಗಿನ ಗಡಿಯಾರದ ಬ್ಯಾಟರಿ ಸತ್ತು ದಿನಾಂಕ ಹಿಂದೆ ಹೋದರೆ ಎದುರಿನ ಪ್ರಮಾಣಪತ್ರ ‘ಇನ್ನೂ ಜಾರಿಗೆ ಬಂದಿಲ್ಲ’ ಎಂದು ಸಂಪರ್ಕ ನಿರಾಕರಿಸಲಾಗುತ್ತದೆ. ಲೆಟ್ಸ್ ಎನ್‌ಕ್ರಿಪ್ಟ್ ನೆಚ್ಚಿಕೊಂಡಿದ್ದ ಹಳೆಯ ಮೂಲ ಪ್ರಮಾಣಪತ್ರದ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ, ಅಪ್‌ಡೇಟ್ ಕಾಣದ ಹಳೆಯ ಸಾಧನಗಳು ಒಂದೇ ದಿನ ಸಂಪರ್ಕ ಕಳೆದುಕೊಂಡವು. ವೇಳಾಪಟ್ಟಿಯಲ್ಲೂ ಎಚ್ಚರ ಬೇಕು. ಕ್ಯಾಲಿಫೋರ್ನಿಯಾದ ರಾತ್ರಿ 2 ಗಂಟೆ ಚಳಿಗಾಲದಲ್ಲಿ ಭಾರತದ ಮಧ್ಯಾಹ್ನ 3.30, ಬೇಸಿಗೆಯಲ್ಲಿ 2.30. ಊರಿನ ನಾಸ್ ನಿಗದಿತ ಹೊತ್ತಿಗೆ ಆನ್ ಆಗುವಂತಿದ್ದರೆ ವರ್ಷಕ್ಕೆರಡು ಸಲ ತಾಳ ತಪ್ಪುತ್ತದೆ.

ಎರಡು ನಾಸ್‌ಗಳಲ್ಲಿ ಒಂದೇ ಹೆಸರಿನ ಬಳಕೆದಾರನಿಗೆ ಬೇರೆ ಬೇರೆ ಗುರುತಿನ ಸಂಖ್ಯೆ ಇರಬಹುದು. ಆಗ ಪ್ರತಿ ಬಂದರೂ ಮಾಲೀಕತ್ವ ತಪ್ಪಿರುತ್ತದೆ. ಫೈಲುಗಳನ್ನು ಅಳಿಸಿದ ಮೇಲೂ ಜಾಗ ಸಿಗದಿದ್ದರೆ ಹಳೆಯ ಸ್ನ್ಯಾಪ್‌ಶಾಟ್‌ಗಳು ಮತ್ತು ನಾಸ್‌ನ ರೀಸೈಕಲ್ ಬಿನ್ ಅವನ್ನು ಹಿಡಿದಿಟ್ಟಿರುತ್ತವೆ.

ಸ್ನ್ಯಾಪ್‌ಶಾಟ್ ಸರಪಳಿ ಮುರಿದರೆ

ಬದಲಾದದ್ದನ್ನು ಮಾತ್ರ ಕಳಿಸುವ ಸ್ನ್ಯಾಪ್‌ಶಾಟ್ ನಕಲಿಗೆ ಎರಡೂ ಕಡೆ ಸಮಾನವಾದ ಒಂದು ಸ್ನ್ಯಾಪ್‌ಶಾಟ್ ಇರಲೇಬೇಕು. ಇಂಟರ್ನೆಟ್ ಕೆಲವು ವಾರ ಇಲ್ಲದಾಗ ಮೂಲದ ನಾಸ್ ತನ್ನ ನಿಯಮದಂತೆ ಹಳೆಯ ಸ್ನ್ಯಾಪ್‌ಶಾಟ್ ಅಳಿಸಿದರೆ ಆ ಕೊಂಡಿ ಹೋಗುತ್ತದೆ. ದೂರದ ಕಡೆ ಯಾರಾದರೂ ಒಂದು ಫೈಲ್ ಮುಟ್ಟಿದರೂ ಜಡ್‌ಎಫ್‌ಎಸ್ ಹೊಸ ಪ್ರವಾಹ ಸ್ವೀಕರಿಸುವುದಿಲ್ಲ. ಎರಡೂ ಕಡೆಯ ಪಟ್ಟಿ ಹೋಲಿಸಿ ಕೊನೆಯ ಸಮಾನ ಸ್ನ್ಯಾಪ್‌ಶಾಟ್ ಹುಡುಕಿ, ದೂರದ ಪ್ರತಿಯನ್ನು ಅಲ್ಲಿಗೆ ಹಿಂದಿರುಗಿಸಿ ಮುಂದುವರಿಸಬೇಕು. ಸಮಾನವಾದದ್ದು ಒಂದೂ ಇಲ್ಲದಿದ್ದರೆ ಪೂರ್ಣ ಪ್ರತಿ ಮತ್ತೆ ಹೋಗಬೇಕು. ಸಮಾನ ಸ್ನ್ಯಾಪ್‌ಶಾಟ್‌ಗೆ ಅಳಿಸದಂತೆ ಬೀಗ ಹಾಕುವುದು, ದೂರದ ಪ್ರತಿಯನ್ನು ಓದಲು ಮಾತ್ರ ತೆರೆದಿಡುವುದು ಮುನ್ನೆಚ್ಚರಿಕೆಗಳು.

ಸದ್ದಿಲ್ಲದ ದೋಷಗಳು

ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ 2017ರ ಜನವರಿ 31ರಂದು ನಡೆದದ್ದನ್ನು ಆ ಸಂಸ್ಥೆಯೇ ವಿವರವಾಗಿ ಪ್ರಕಟಿಸಿತು. ಹಿಂದೆ ಬಿದ್ದಿದ್ದ ಡೇಟಾಬೇಸ್ ನಕಲನ್ನು ಸರಿಪಡಿಸಲು ಹೊರಟ ಇಂಜಿನಿಯರ್ ಒಬ್ಬರು ಎರಡನೆಯ ಸರ್ವರ್ ಎಂದು ತಿಳಿದು ಮುಖ್ಯ ಸರ್ವರ್‌ನ ದತ್ತಾಂಶವನ್ನೇ ಅಳಿಸಿದರು. ಬ್ಯಾಕಪ್ ನೋಡಿದರೆ ಅದು ಖಾಲಿ. ತಂತ್ರಾಂಶದ ಆವೃತ್ತಿ ಹೊಂದದೆ ಬ್ಯಾಕಪ್ ವಿಫಲವಾಗುತ್ತಲೇ ಬಂದಿತ್ತು. ವಿಫಲತೆಯ ಇಮೇಲ್‌ಗಳು ಸಹಿ ಇಲ್ಲವೆಂಬ ಕಾರಣಕ್ಕೆ ತಿರಸ್ಕೃತವಾಗಿ ಯಾರಿಗೂ ತಲುಪಿರಲಿಲ್ಲ. ಆರು ತಾಸು ಹಿಂದೆ ಬೇರೆ ಕೆಲಸಕ್ಕಾಗಿ ತೆಗೆದಿದ್ದ ಸ್ನ್ಯಾಪ್‌ಶಾಟ್ ಒಂದರಿಂದ ಬಹುಪಾಲು ಉಳಿಯಿತು. ವಿಫಲವಾದಾಗ ಬರುವ ಸಂದೇಶವನ್ನು ನಂಬಿದರೆ ಸಾಲದು. ಯಶಸ್ವಿಯಾದಾಗ ಬರಬೇಕಾದ ಸಂದೇಶ ಬಾರದಿದ್ದರೆ ಎಚ್ಚರಿಸುವ ಏರ್ಪಾಡು ಬೇಕು.

ಇನ್ನೊಂದು ಅಪಾಯ ಕನ್ನಡಿ ನಕಲು. ಮೂಲದಲ್ಲಿ ಅಳಿಸಿದ್ದನ್ನು ದೂರದಲ್ಲೂ ಅಳಿಸುವ ಆಯ್ಕೆ ಹಾಕಿದ್ದಾಗ ಮೂಲದ ಡಿಸ್ಕ್ ಮೌಂಟ್ ಆಗದಿದ್ದರೆ, ಆರ್‌ಸಿಂಕ್‌ಗೆ ಅದು ಖಾಲಿ ಫೋಲ್ಡರ್. ಆಜ್ಞೆಯಂತೆ ಅದು ದೂರದ ಪ್ರತಿಯನ್ನೂ ಖಾಲಿ ಮಾಡುತ್ತದೆ. ಅಳಿಸುವ ಸಂಖ್ಯೆಗೆ ಮಿತಿ ಹಾಕಬೇಕು, ಗುರುತಿನ ಫೈಲ್ ಒಂದು ಮೂಲದಲ್ಲಿ ಇದ್ದರೆ ಮಾತ್ರ ಕೆಲಸ ಶುರುವಾಗುವಂತೆ ಮಾಡಬೇಕು, ದೂರದಲ್ಲಿ ಹಳೆಯ ಆವೃತ್ತಿಗಳನ್ನು ಉಳಿಸಿಕೊಳ್ಳಬೇಕು. ಪ್ರತಿ ಎಲ್ಲಿದೆ ಎಂಬುದೂ ಮುಖ್ಯ. ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ 2021ರ ಮಾರ್ಚ್ 10ರಂದು ಓವಿಎಚ್ ದತ್ತಾಂಶ ಕೇಂದ್ರದ ಒಂದು ಕಟ್ಟಡ ಸುಟ್ಟುಹೋದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಭದ್ರತೆ

ದೋಷ ಹುಡುಕುವ ಆತುರದಲ್ಲಿ ‘ಸದ್ಯಕ್ಕೆ’ ಎಂದು ಎಲ್ಲ ಪೋರ್ಟ್ ತೆರೆದು, ಮುಚ್ಚಲು ಮರೆಯುವುದು ಇಡೀ ವ್ಯವಸ್ಥೆಗೆ ಮುಳುವಾಗಬಲ್ಲದು. 2014ರ ಸಿನೋಲಾಕರ್, 2021ರ ಕ್ಯೂಲಾಕರ್, 2022ರ ಡೆಡ್‌ಬೋಲ್ಟ್ ಸುಲಿಗೆ ತಂತ್ರಾಂಶಗಳು ಇಂಟರ್ನೆಟ್‌ಗೆ ತೆರೆದಿಟ್ಟ ನಾಸ್‌ಗಳನ್ನೇ ಹುಡುಕಿ ಫೈಲುಗಳಿಗೆ ಬೀಗ ಜಡಿದವು. ನಾಸ್‌ನ ಆಡಳಿತ ಪುಟ ಹೊರಗಿನಿಂದ ಕಾಣಲೇಬಾರದು. ನಕಲು ವಿಪಿಎನ್ ಒಳಗೆ ನಡೆಯಬೇಕು. ದೂರದ ನಾಸ್ ತಾನೇ ಬಂದು ಓದುವ ಅನುಮತಿಯಿಂದ ಪ್ರತಿ ಒಯ್ಯುವಂತಿದ್ದರೆ ಇನ್ನೂ ಒಳ್ಳೆಯದು. ಆಗ ಮೂಲ ನಾಸ್ ವೈರಿಯ ವಶವಾದರೂ ಅದರ ಕೈಯಲ್ಲಿ ದೂರದ್ದನ್ನು ಅಳಿಸುವ ಕೀಲಿ ಇರುವುದಿಲ್ಲ.

ಮರುಸ್ಥಾಪನೆಯ ಪರೀಕ್ಷೆ

ದುರಸ್ತಿಯಾದ ಮೇಲೆ ಮಾಡಲೇಬೇಕಾದ ಕೆಲಸಗಳು ಮೂರು. ಬದಲಾವಣೆ ಮಾಡದೆ ಚೆಕ್‌ಸಮ್‌ನಿಂದ ಹೋಲಿಸುವ ಪರೀಕ್ಷಾ ಓಟ ನಡೆಸಿ ಎರಡೂ ಕಡೆ ಒಂದೇ ಎಂದು ಖಚಿತಪಡಿಸಿಕೊಳ್ಳುವುದು. ಡಿಸ್ಕ್‌ನಲ್ಲಿರುವ ಪ್ರತಿ ಬ್ಲಾಕನ್ನೂ ಓದಿ ನೋಡುವ ಸ್ಕ್ರಬ್ ಅನ್ನು ದೂರದ ನಾಸ್‌ನಲ್ಲೂ ನಿಯತವಾಗಿ ಓಡಿಸುವುದು. ಕೊನೆಯದಾಗಿ, ಬೇರೆ ಬೇರೆ ವರ್ಷಗಳ ಕೆಲವು ಫೈಲುಗಳನ್ನು ಬೇರೊಂದು ಕಂಪ್ಯೂಟರಿಗೆ ಮರುಸ್ಥಾಪಿಸಿ, ಫೋಟೊ ತೆರೆದು, ಲೆಕ್ಕದ ಫೈಲ್ ಓದಿ ನೋಡುವುದು. ಗೂಢಲಿಪಿಯ ಕೀಲಿ ಮೂಲ ನಾಸ್‌ನಲ್ಲಿ ಮಾತ್ರ ಇದೆಯೇ ಎಂಬುದು ಈ ಮೂರನೆಯ ಪರೀಕ್ಷೆಯಲ್ಲೇ ಬಯಲಾಗುತ್ತದೆ. ಕೀಲಿ, ಎರಡೂ ಕಡೆಯ ವಿಳಾಸ, ಪೋರ್ಟ್, ಬಳಕೆದಾರ ಹೆಸರು ಮತ್ತು ಮರುಸ್ಥಾಪನೆಯ ಹಂತಗಳನ್ನು ಕಾಗದದ ಮೇಲೆ ಬರೆದು ಮನೆಯ ಅಥವಾ ಕಚೇರಿಯ ಇನ್ನೊಬ್ಬರಿಗೆ ತೋರಿಸಿಡಬೇಕು. ಏರ್ಪಾಡು ಮಾಡಿದವರು ಇಲ್ಲದ ದಿನವೂ ಆ ಇನ್ನೊಬ್ಬರು ಫೈಲನ್ನು ವಾಪಸ್ ತರಬಲ್ಲವರಾದರೆ ಮಾತ್ರ ಆ ಬ್ಯಾಕಪ್ ಸುಸ್ಥಿತಿಯಲ್ಲಿದೆ ಎನ್ನಬಹುದು.